ಇಪ್ಪತ್ತ ನಿಮಿಷ ನಡದು ಒಂದ ಗುಂಡಿಗೆ ಸತ್ರ ಅದೂ ಒಂದ ಆಟೇನ್ರಿ? – ಓದುಗರ ಪ್ರಶ್ನೆ, ಗೇಮಿಂಗ್ ಉತ್ತರ

ಹೋದ ತಿಂಗಳ ಇದ ಅಂಕಣದಾಗ ಒಂದ ಸಾಲು ಬರದಿದ್ದೆ, ಓಡಿ ಓಡಿ ಹೊಡಿಯೂ ಆಟ ಸಾಕಾಗಿದ್ರ ಒಮ್ಮೆ ಆರ್ಮಾ, ಸ್ಕ್ವಾಡ್ ಅಂಥಾ ಖರೇ ಯುದ್ಧದಂಗ ಇರೂ ಕಂಪ್ಯೂಟರ್ ಆಟ ಆಡಿ ನೋಡ್ರಿ ಅಂತ. ಅಷ್ಟಕ್ಕ ಇಷ್ಟ ಪತ್ರ ಬರ್ತಾವು ಅಂತ ಅನ್ಕೊಂಡಿರಲಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲಾ ಕಡಿಂದ ಬಂದಾವು, ಆಡಿ ಖುಷಿ ಆದಾವ್ರೂ ಬರದಾರ, ಬೈದಾವ್ರೂ ಬರದಾರ. ಬೈದಾವ್ರ ಪತ್ರಾನ ಮೊದಲ ತಗೊಂಡೇನಿ, ಯಾಕಂದ್ರ ಅದರಾಗ ಹೇಳೂದು ಭಾಳ ಐತಿ.

ಸರ, ನಿಮ್ಮ ಮಾತ ಕೇಳಿ ಸ್ಕ್ವಾಡ್ ತಗೊಂಡೆ. ನಾಕ್ ವರ್ಷ ಬಿಜಿಎಂಐ ಆಡೇನಿ, ಕೈ ಚಲೋ ಐತಿ ನಂದು. ಇದರಾಗ ಇಪ್ಪತ್ತ ನಿಮಿಷ ನಡದೆ, ಯಾರೂ ಕಾಣಲಿಲ್ಲ, ಒಂದ ಸಪ್ಪಳ ಆತು, ಸತ್ತೆ. ಯಾರ ಹೊಡದ್ರು ಅಂತ ಸೈತ ತೋರ್ಸಲಿಲ್ಲ. ಹಿಂಗ ಮೂರ ಸಲ ಆತು. ರೊಕ್ಕ ವಾಪಸ್ ತಗೊಳ್ಳೇನು?
– ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಮೊದಲ ರೊಕ್ಕದ ಮಾತು. ಸ್ಟೀಮ್ ಅನ್ನೂ ಆನ್‌ಲೈನ್ ಆಟದ ಅಂಗಡ್ಯಾಗ ತಗೊಂಡಿದ್ರ 14 ದಿನದೊಳಗ, ಆಡಿದ್ದು 2 ತಾಸಿಗಿಂತ ಕಡಿಮಿ ಇದ್ರ ವಾಪಸ್ ಬರ್ತೈತಿ, ಅದು ನಿಮ್ಮ ಹಕ್ಕು, ಸಂಕೋಚ ಬ್ಯಾಡ. ಆದ್ರ ಆ 2 ತಾಸಿನ್ಯಾಗ ಇನ್ನೂ ಹೊತ್ತು ಉಳದಿದ್ರ ಒಂದ ಮ್ಯಾಚ್ ಮೈಕ್ ಹಚ್ಚಿ ಆಡ್ರಿ, ಆಮ್ಯಾಲ ತೀರ್ಮಾನ ಮಾಡ್ರಿ. ಮೈಕ್ ಇಲ್ದ ಈ ಆಟ ಆಡೂದು ಕಣ್ಣ ಕಟ್ಕೊಂಡು ದುರ್ಗದಬೈಲಿನ ಸಂತ್ಯಾಗ ಹೊಕ್ಕಂಗ.

ನೋಡ್ರಿ, ನೀವು ಬಿಜಿಎಂಐ ಆಡಿದ್ದು ವ್ಯರ್ಥ ಅಲ್ಲ, ನೀವು ಈಗ ಅದರ ಅಜ್ಜನ ಮನಿ ಕಡೆ ಬಂದೀರಿ. ಆರ್ಮಾ 2 ಅಂತ 2009ರಾಗ ಬಂದ ಆಟ, ಚೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಮಾಡಿದ್ದು. ಅದರ ಮ್ಯಾಲ 2012ರಾಗ ಡೇಝಡ್ ಅಂತ ಒಂದ ಮಾಡ್ ಬಂತು (ಮಾಡ್ ಅಂದ್ರ ಇದ್ದ ಆಟಾನ ಬದಲಿಸಿ ಮಾಡಿದ ಹೊಸಾ ರೂಪ), ಅದನ್ನ ಇಟ್ಕೊಂಡು ಐರ್ಲೆಂಡಿನ ಬ್ರೆಂಡನ್ ಗ್ರೀನ್ ಬ್ಯಾಟಲ್ ರಾಯಲ್ ಅಂತ, ಕಡೀಕ ಒಬ್ಬ ಉಳಿಯೂ ತನಕ ಹೊಡದಾಡೂ ಮಾಡ್ ಮಾಡಿದ, ಅದ ಮುಂದ 2017ಕ್ಕ ಪಬ್‌ಜಿ ಆತು, ನಿಮ್ಮ ಬಿಜಿಎಂಐ ಆ ಪಬ್‌ಜಿಯ ಭಾರತದ ಮೊಬೈಲ್ ರೂಪ. ಆದ್ರ ದಾರ್ಯಾಗ ಒಂದ ವಸ್ತು ಬಿಟ್ಟು ಹೋತು. ಏನಂದ್ರ, ಕಾಯೂದು. ಪಬ್‌ಜಿ ಒಳಗ ವೃತ್ತ ಸಣ್ಣ ಆಗ್ತದ, ನಿಮ್ಮನ್ನ ಹಿಡದು ಎದುರಾಳಿ ಮುಂದ ನಿಲ್ಲಸ್ತದ. ಸ್ಕ್ವಾಡ್, ಆರ್ಮಾದಾಗ ಯಾರೂ ಹಿಂಗ ನೂಕೂದಿಲ್ಲ. ಆ ಇಪ್ಪತ್ತ ನಿಮಿಷ ನಡಿಯೂದು ಐತೆಲ್ಲ, ಅದು ಆಟದ ಮುಂಚಿನ ಬ್ಯಾಸರ ಅಲ್ರಿ, ಅದ ಆಟ.

ನೀವು ನಡದ್ರಿ ಅಂದ್ರಿ. ಎಲ್ಲಿ ನಡದ್ರಿ? ರಸ್ತೆ ಮ್ಯಾಲೋ, ಗುಡ್ಡದ ತಲಿ ಮ್ಯಾಲೋ? ಗುಡ್ಡದ ನೆತ್ತಿ ಮ್ಯಾಲ ನಡದ್ರ ಆಕಾಶದ ಮುಂದ ನಿಮ್ಮ ಆಕಾರ ಕಪ್ಪಗ ಎದ್ದ ಕಾಣ್ತದ, ನೃಪತುಂಗ ಬೆಟ್ಟದ ಮ್ಯಾಲ ಸಂಜಿಗೆ ನಿಂತ ಮಂದಿ ಕೆಳಗಿನ ರಸ್ತಿಗೆ ಕಂಡಂಗ. ಗುಡ್ಡದ ಹೊಟ್ಟಿ ಹಿಡದು ನಡದ್ರ ಕಾಣೂದಿಲ್ಲ. ಇನ್ನ ಆ ಸಪ್ಪಳದ ಮಾತು. ಎಕೆ ಗುಂಡು ಬಾಯಿ ಬಿಟ್ಟಾಗ ಸೆಕೆಂಡಿಗೆ 700 ಮೀಟರ್ ಮ್ಯಾಲ ಹೋಗ್ತದ, ಸಪ್ಪಳ ಹೋಗೂದು 340 ಮೀಟರ್ ಆಸುಪಾಸು. ಅದಕ್ಕ ಗುಂಡ ಮೊದಲ ಬರ್ತದ, ಕಿವಿ ಹತ್ರ ಚಟ್ ಅಂತ ಒಡಿತದ, ಆಮ್ಯಾಲ ದೂರದಿಂದ ಧಡ್ ಅಂತ ಬಂದೂಕಿನ ಸಪ್ಪಳ. ಹೊಸಬ್ರು ಚಟ್ ಅಂದ ಕಡೆ ತಿರಗತಾರ, ಅಲ್ಲಿ ಯಾರೂ ಇರೂದಿಲ್ಲ. ಧಡ್ ಅಂದ ಕಡೆ ನೋಡ್ರಿ, ಅವ ಅಲ್ಲಿ ಅದಾನ. ಎರಡರ ನಡು ಅಂತರ ಹೆಚ್ಚಿದ್ದಷ್ಟು ಅವ ದೂರ. ಇದನ್ನ ಗುರ್ತು ಹಿಡಿಯಾಕ ನಂಗ ಎರಡ ತಿಂಗಳ ಬೇಕಾತು, ಹಿಡದ ದಿನ ಮೈ ಜುಮ್ ಅಂತು.

ಯಾರ ಹೊಡದ್ರು ತೋರ್ಸಲಿಲ್ಲ ಅನ್ನೂ ಸಿಟ್ಟು ಎಲ್ಲಾರಿಗೂ ಮೊದಲ ಬರ್ತೈತಿ. ಸ್ಕ್ವಾಡ್‌ನ್ಯಾಗ ಮೂಲಿಯೊಳಗ ಹೆಸರು ಓಡೂ ಪಟ್ಟಿ ಇಲ್ಲ. ನೀವು ಒಬ್ಬನ್ನ ಹೊಡದ್ರೂ ಅವ ಬಿದ್ನೋ, ಬರೇ ಕುಂತ್ನೋ ಗೊತ್ತಾಗೂದಿಲ್ಲ. ಅದಕ್ಕ ಮುಂದ ಹೋಗಾಕ ಅಂಜಿಕಿ. ಆ ಅಂಜಿಕಿ ಸಲುವಾಗಿನ ನಾ ಈ ಆಟ ಆಡ್ತೇನಿ. ಒಮ್ಮೆ ರಾತ್ರಿ ನಾವು ನಾಕ್ ಮಂದಿ ಒಂದ ಬಿದ್ದ ಮನ್ಯಾಗ ಇಪ್ಪತ್ತೈದ ನಿಮಿಷ ಕುಂತ್ವಿ, ಯಾರೂ ಬರಲಿಲ್ಲ. ಒಬ್ಬ ಕಿಡಕಿ, ಒಬ್ಬ ಬಾಗಲಾ, ಒಬ್ಬ ಹಿತ್ತಲ, ನಾ ಮಾಳಗಿ. ಮಾತು ಒಂದ ಸಾಲು, ಮತ್ತ ಸುಮ್ಮನ. ಆಮ್ಯಾಲ ದೂರ ಒಂದ ಟ್ರಕ್ಕಿನ ಸಪ್ಪಳ ಬಂತು ನೋಡ್ರಿ, ನಾಕೂ ಮಂದಿ ಉಸರ ಬಿಗಿ ಹಿಡದ್ವಿ, ಟ್ರಕ್ ನಿಂತಿತು, ಇಂಜಿನ್ ಬಂದ್ ಆತು, ಬಾಗಲಾ ತಗದ ಸಪ್ಪಳ... ಅವತ್ತು ನಾವು ಸೋತ್ವಿ. ಆದ್ರ ಆ ರಾತ್ರಿ ನೆನಪಿದ್ದಂಗ ನಾ ಗೆದ್ದ ಯಾವ ಮ್ಯಾಚೂ ನೆನಪಿಲ್ಲ.

ಸ್ಕ್ವಾಡ್‌ನ್ಯಾಗ ಎಲ್ಲಾರೂ ಇಂಗ್ಲಿಷ್ ಮಾತಾಡ್ತಾರ, ನಂದು ಅಷ್ಟಕ್ಕಷ್ಟ. ಮೈಕ್ ಹಚ್ಚಾಕ ನಾಚಿಕಿ ಆಗ್ತದ.
– ಹಾನಗಲ್ಲ ತಾಲೂಕು, ಹಾವೇರಿ ಜಿಲ್ಲೆ

ನಾಚೂದ ಬ್ಯಾಡ್ರಿ. ಆಟಕ್ಕ ಬೇಕಾದ ಇಂಗ್ಲಿಷ್ ಇಪ್ಪತ್ತ ಶಬ್ದ ದಾಟೂದಿಲ್ಲ. ಕಾಂಟ್ಯಾಕ್ಟ್ (ಅಂದ್ರ ಎದುರಾಳಿ ಕಂಡ), ದಿಕ್ಕು, ದೂರ, ಎಷ್ಟ ಮಂದಿ, ಮೆಡಿಕ್ ಬೇಕು, ಮುಗೀತು. ದಿಕ್ಕನ್ನ ಎಡಕ್ಕ ಬಲಕ್ಕ ಅಂತ ಹೇಳಬ್ಯಾಡ್ರಿ, ನಿಮ್ಮ ಎಡ ನನಗ ಬಲ ಇರ್ತದ. ಮ್ಯಾಲಿನ ದಿಕ್ಸೂಚಿ ನೋಡಿ ಅಂಕಿ ಹೇಳ್ರಿ, 0 ಅಂದ್ರ ಉತ್ತರ, 90 ಪೂರ್ವ, 180 ದಕ್ಷಿಣ, 270 ಪಶ್ಚಿಮ. ಒಂದ ಸ್ಕ್ವಾಡ್ ಅಂದ್ರ 9 ಮಂದಿ, ಒಂದ ಕಡೆ 50, ಎದುರಿಗೆ 50, ಅಷ್ಟು ಗದ್ದಲದಾಗ "ಅಲ್ಲಿ ಅದಾನ ಅಲ್ಲಿ ಅದಾನ" ಅಂದ್ರ ಯಾರಿಗೂ ಉಪಯೋಗ ಇಲ್ಲ.

ನಮ್ಮ ಗುಂಪಿನ್ಯಾಗ ಹಾವೇರಿ ಕಡಿ ಒಬ್ಬ ಹುಡುಗ ಅದಾನ, ಹೊಲದ ಮನಿಯಾಂವ. ಅವ ಅಂಕಿ ಹೇಳೂದಿಲ್ಲ, "ಪಡುವಲಕಡಿ ಬದುವಿನ ಹಿಂದ ಇಬ್ರು" ಅಂತಾನ. ಪ್ಯಾಟ್ಯಾಗ ಬೆಳದ ನಮಗ ಮೊದ್ಲ ತಿಳೀತಿರ್ಲಿಲ್ಲ, ಈಗ ನಾವೂ ಹಂಗ ಹೇಳ್ತೇವಿ. ಹೊಲದಾಗ ಬೆಳದಾವಗ ಮೂಡಲ ಯಾವ್ದು, ಪಡುವಲ ಯಾವ್ದು ಅಂತ ಯಾರೂ ಕಲಸಬೇಕಾಗಿಲ್ಲ, ಯಾವ ಬದು ಮರಿ ಆಗ್ತದ, ಯಾವ ಹಳ್ಳದಾಗ ನಡದ್ರ ತಲಿ ಕಾಣೂದಿಲ್ಲ ಅದೂ ಗೊತ್ತಿರ್ತದ. ನೀವು ನಾಕ್ ಮಂದಿ ಕನ್ನಡದವ್ರು ಕೂಡಿ ಒಂದ ಸ್ಕ್ವಾಡ್‌ಗೆ ಹೋಗ್ರಿ, ಒಳಗ ಕನ್ನಡ ಆಡ್ರಿ, ಲೀಡರ್ ಜೋಡಿ ಅಷ್ಟ ಅಂಕಿ ಹೇಳ್ರಿ.

ನಾ 17 ವರ್ಷ ಫೌಜಿನ್ಯಾಗ ಇದ್ದು ಬಂದಾವ. ಮೊಮ್ಮಗ ಆರ್ಮಾ 3 ಆಡೂದ ನೋಡಿದೆ. ಖರೇ ಯುದ್ಧದಂಗ ಐತಿ ಅಂತ ಅವ ಹೇಳ್ತಾನ, ನೀವೂ ಹಂಗ ಬರದೀರಿ. ಬೆನ್ನಿಗೆ ಭಾರ ಇಲ್ಲ, ಹಸಿವಿಲ್ಲ, ಚಳಿ ಇಲ್ಲ, ಸತ್ರ ಮತ್ತ ಏಳ್ತಾನ. ಇದರಾಗ ಖರೇ ಯಾವ್ದು?
– ನಿವೃತ್ತ ಹವಾಲ್ದಾರರು, ಗದಗ

ನಿಮ್ಮ ಮಾತು ಪೂರ್ತಿ ಖರೇ ಅಜ್ಜಾರ, ನಾ ಬರದ ಸಾಲು ತಪ್ಪಿತ್ತು. "ಖರೇ ಯುದ್ಧದಂಗ" ಅಂತ ಬರಿಬಾರದಿತ್ತು. ನೀವು ಕಂಡದ್ದನ್ನ ಯಾವ ಆಟಾನೂ ತೋರ್ಸಾಕ ಆಗೂದಿಲ್ಲ, ಜೋಡಿದಾರ ಮತ್ತ ಏಳೂದಿಲ್ಲ ಅನ್ನೂದಂತೂ ಆಟಕ್ಕ ಗೊತ್ತ ಇಲ್ಲ.

ಆದ್ರ ಒಂದ ಮಾತು ಕೇಳ್ರಿ. ಇದ ಬೊಹೀಮಿಯಾದಾವ್ರ ಆಟದ ಬುನಾದಿ ಮ್ಯಾಲ ವಿಬಿಎಸ್ ಅಂತ ಒಂದ ತರಬೇತಿ ಸಾಫ್ಟ್‌ವೇರ್ ಆತು, ಅಮೆರಿಕಾ, ಬ್ರಿಟನ್, ಆಸ್ಟ್ರೇಲಿಯಾದ ಸೈನ್ಯ ಅದನ್ನ ಬಳಸ್ಯಾವು. ಅದರಾಗ ಗುರಿ ಇಟ್ಟು ಹೊಡಿಯೂದು ಕಲಿಯೂದಿಲ್ಲ, ಅದು ಫೈರಿಂಗ್ ರೇಂಜ್‌ನ್ಯಾಗ ಆಗಬೇಕು. ಇಲ್ಲಿ ಕಲಿಯೂದು ಅಂದ್ರ ಗಾಡಿ ಸಾಲಿನ್ಯಾಗ ಹೊಂಟಾಗ ಮುಂದಿಂದು ನಿಂತ್ರ ಹಿಂದಿಂದು ಏನ ಮಾಡಬೇಕು, ರೇಡಿಯೊದಾಗ ಏನ ಹೇಳಬೇಕು, ಎಷ್ಟ ಚುಟುಕಾಗಿ ಹೇಳಬೇಕು, ಇದು. ಖರೇ ಅನ್ನೂದು ಇದ್ರ ಅಷ್ಟರಾಗ ಐತಿ. ನಿಮ್ಮ ಮೊಮ್ಮಗ ಆಡೂವಾಗ ಹಿಂದ ಒಂದ ಕುರ್ಚಿ ಹಾಕ್ಕೊಂಡು ಕುಂದ್ರ್ರಿ, ಅವ ಎಲ್ಲಿ ತಪ್ಪಿದ ಅಂತ ಹೇಳ್ರಿ. ಅಂಥಾ ಮಾತು ಅವಗ ಯಾವ ವಿಡಿಯೊದಾಗೂ ಸಿಗೂದಿಲ್ಲ. ಅವ ಭರ್ತಿಗೆ ಹೋಗಾವ ಇದ್ರ ಬೆಳಿಗ್ಗೆ ಎದ್ದು ಓಡೂದು ಮೊದಲು, ಆಟ ಆಮ್ಯಾಲ, ಆಟ ಆಡಿದವ್ರಿಗೆ ಬೆಳಗಾವಿಯೊಳಗ ಮಾರ್ಕ್ಸ್ ಹೆಚ್ಚ ಕೊಡೂದಿಲ್ಲ.

ಆರ್ಮಾ 3 ಒಳಗಿನ ಊರು ಖರೇ ಊರಾ?
– ಬೆಟಗೇರಿ

ಖರೇ ನಡುಗಡ್ಡಿನ. ಆಟದಾಗಿನ ಆಲ್ಟಿಸ್ ಅನ್ನೂ ನಡುಗಡ್ಡಿ ಗ್ರೀಸ್ ದೇಶದ ಲೆಮ್ನೋಸ್ ನೋಡಿ ಮಾಡಿದ್ದು, 270 ಚದರ ಕಿಲೋಮೀಟರ್. ನಮ್ಮ ಹುಬ್ಬಳ್ಳಿ ಧಾರವಾಡ ಎರಡೂ ಕೂಡಿದ ಮಹಾನಗರ ಪಾಲಿಕೆ 200 ಚದರ ಕಿಲೋಮೀಟರ್ ಆಸುಪಾಸು, ಅದಕ್ಕಿಂತ ದೊಡ್ಡದು. ಉಣಕಲ್ಲಿಂದ ಸಾಧನಕೇರಿ ತನಕ ನಡಕೊಂತ ಹೊಂಟಂಗ ಅನ್ನಸ್ತದ ಒಮ್ಮೊಮ್ಮೆ. ಆಟ ಬರೂ ಮುಂಚೆ 2012ರಾಗ ಬೊಹೀಮಿಯಾ ಕಂಪನಿಯ ಇಬ್ರು ಲೆಮ್ನೋಸ್‌ಗೆ ಹೋದಾಗ ಮಿಲಿಟರಿ ಜಾಗದ ಫೋಟೊ ತಗದ್ರು ಅಂತ ಗೂಢಚಾರಿಕಿ ಆರೋಪದ ಮ್ಯಾಲ ಅಲ್ಲಿ ಪೊಲೀಸ್ರು ಹಿಡದ್ರು, 129 ದಿವ್ಸ ಜೈಲಿನ್ಯಾಗ ಇಟ್ಟು 2013ರ ಜನವರಿಗೆ ಜಾಮೀನ ಮ್ಯಾಲ ಬಿಟ್ರು. ಆಟ ಅದ ವರ್ಷ ಸಪ್ಟೆಂಬರ್‌ದಾಗ ಬಂತು. ಆಲ್ಟಿಸ್‌ನ ಗುಡ್ಡ ಹತ್ತೂವಾಗೆಲ್ಲ ನಂಗ ಆ ಇಬ್ರ ನೆನಪ ಬರ್ತದ.

ಸ್ಕ್ವಾಡ್ ಮೊದಲ ಚಲೋ ಇತ್ತು. 2023ರ ಅಪ್‌ಡೇಟ್‌ನ್ಯಾಗ ಹಾಳ ಮಾಡಿದ್ರು. ಬಂದೂಕು ಹಿಡದ್ರ ಕುಡದಾವನ ಕೈಯಂಗ ಅಳ್ಳಾಡ್ತದ. ನಮ್ಮ ಗ್ಯಾಂಗಿನ ಅರ್ಧ ಮಂದಿ ಬಿಟ್ರು. ನೀವು ಇದನ್ನ ಯಾಕ ಹೊಗಳ್ತೀರಿ?
– ಕೇಶ್ವಾಪುರ, ಹುಬ್ಬಳ್ಳಿ

ಈ ಜಗಳ ಇನ್ನೂ ಆರಿಲ್ಲ, ನಮ್ಮ ಗುಂಪಿನ್ಯಾಗೂ ಆರಿಲ್ಲ. ಗೊತ್ತಿಲ್ದವ್ರಿಗೆ ಹೇಳ್ಬೇಕಂದ್ರ, 2023ರ ಸಪ್ಟೆಂಬರ್‌ಗೆ ಇನ್‌ಫೆಂಟ್ರಿ ಕಾಂಬ್ಯಾಟ್ ಓವರ್‌ಹಾಲ್ ಅಂತ ಬಂತು. ಅದಕ್ಕಿಂತ ಮೊದ್ಲ ನೂರ ಮೀಟರ್ ಓಡಿ ಬಂದು ಅಲ್ಲೇ ನಿಂತು ಗುರಿ ಇಟ್ರ ಗುಂಡು ಸೂಜಿ ಹೊಡದಂಗ ಹೋಗ್ತಿತ್ತು. ಬಂದ ಮ್ಯಾಲ ಓಡಿದ್ರ ಕೈ ನಡಗ್ತದ, ಉಸರ ತಣ್ಣಗಾಗಾಕ ಬಿಡಬೇಕು, ತಲಿ ಮ್ಯಾಲ ಗುಂಡ ಹಾದ್ರ ಕಣ್ಣ ಮಬ್ಬಾಗ್ತದ, ಗುರಿ ತಪ್ಪತದ. ಕೈ ಚಲೋ ಇದ್ದಾವ್ರಿಗೆ ಇದು ಅನ್ಯಾಯ ಅನ್ನಸ್ತು, ಸಾವಿರ ತಾಸು ಆಡಿ ಕಲತ ಕಸಬು ಒಂದ ರಾತ್ರಿಯೊಳಗ ಹೋದಂಗ. ಅವ್ರ ಸಿಟ್ಟು ನಂಗ ತಿಳಿತದ, ಸುಳ್ಳಲ್ಲ ಅದು.

ಆದ್ರೂ ನಾ ಇದರ ಪರ. ಯಾಕಂದ್ರ ಮಶಿನ್‌ಗನ್ ಹಿಡದಾವಗ ಮೊದಲ ಸಲ ಕೆಲಸ ಸಿಕ್ತು. ಮಶಿನ್‌ಗನ್ ಇರೂದು ಮಂದಿ ಕೊಲ್ಲಾಕ ಅಷ್ಟ ಅಲ್ಲ, ಅವ್ರ ತಲಿ ಎತ್ತಬಾರದು ಅಂತ ಐತಿ. ಮೊದ್ಲ ಅವ ಐವತ್ತ ಗುಂಡ ಹೊಡದ್ರೂ ಎದುರಾಳಿ ಆರಾಮ ತಲಿ ಎತ್ತಿ ಒಂದ ಗುಂಡಿಗೆ ಅವನ್ನ ಮಲಗಸ್ತಿದ್ದ. ಈಗ ಅವ ಹೊಡಿಯೂವಾಗ ಇವ ತಲಿ ತಗ್ಗಸ್ತಾನ, ಅಷ್ಟರಾಗ ನಾವು ಮೂರ ಮಂದಿ ಬಾಜೂಕಿಂದ ಹೋಗ್ತೇವಿ. ಕಬಡ್ಡಿ ನೋಡ್ರಿ, ರೇಡರ್ ಎಷ್ಟ ಗಟ್ಟ್ಯಾದ್ರೂ ಒಬ್ಬ ಪಾದ ಹಿಡದ ಮ್ಯಾಲ ಉಳದವ್ರು ಮ್ಯಾಲ ಬಿದ್ರ ಮುಗೀತು, ಪಾದ ಹಿಡದಾವನ ಕೆಲಸ ಕೆಲಸ ಅಲ್ಲೇನು?

ಒಂದ ದೂರು ಮಾತ್ರ ನಾನೂ ಒಪ್ತೇನಿ. ಹೊಸಾ ಸ್ಕೋಪ್‌ನ್ಯಾಗ (ಬಂದೂಕಿನ ಮ್ಯಾಲಿನ ದುರ್ಬೀನಿನ್ಯಾಗ) ಗಾಜಿನೊಳಗಷ್ಟ ದೂರದ ಚಿತ್ರ ದೊಡ್ಡದ ಕಾಣ್ತದ, ಅದಕ್ಕ ಕಂಪ್ಯೂಟರ್ ಎರಡ ಸಲ ಚಿತ್ರ ಬರಿಬೇಕು, ಹಳೇ ಮಶಿನ್ ಇದ್ದಾವ್ರಿಗೆ ಸರಿಯಾಗಿ ಗುಂಡ ಹೊಡಿಯೂ ಹೊತ್ತಿನ್ಯಾಗ ಆಟ ಜಗ್ಗತದ. ಸೆಟಿಂಗ್ಸ್‌ನ್ಯಾಗ ಸ್ಕೋಪಿನ ಗುಣಮಟ್ಟ ಇಳಿಸ್ರಿ, ಸ್ವಲ್ಪ ಹಗುರ ಆಗ್ತದ.

ನಾ ಸಪ್ತಾಪುರದಾಗ ಕೋಚಿಂಗ್‌ಗೆ ಬಂದಾಕಿ, ರಾತ್ರಿ ಒಂದ ತಾಸು ಇನ್ಸರ್ಜೆನ್ಸಿ ಸ್ಯಾಂಡ್‌ಸ್ಟಾರ್ಮ್ ಆಡ್ತೇನಿ. ಮೈಕ್‌ನ್ಯಾಗ ಹುಡುಗಿ ಧ್ವನಿ ಕೇಳಿದ ಕೂಡ್ಲೆ ಹಲ್ಕಾ ಮಾತು ಚಾಲೂ. ಮೈಕ್ ಬಂದ್ ಮಾಡೇನಿ. ನೀವು ಮೈಕ್ ಇಲ್ದ ಆಡಬ್ಯಾಡ್ರಿ ಅಂತೀರಿ. ಏನ ಮಾಡ್ಲಿ?
– ಧಾರವಾಡ

ತಂಗಿ, ತಪ್ಪು ಅವ್ರದು, ಮೈಕ್ ಬಂದ್ ಆಗಬೇಕಾದ್ದು ಅವ್ರದು. ಮಾತಾಡಿದ ಕೂಡ್ಲೆ ಮ್ಯೂಟ್ ಮಾಡು, ರಿಪೋರ್ಟ್ ಮಾಡು, ಜವಾಬು ಕೊಡಾಕ ಹೋಗಬ್ಯಾಡ, ಅವ್ರಿಗೆ ಬೇಕಾದ್ದ ಜವಾಬು. ಇನ್ನ ಗುರ್ತಿರೂ ಐದಾರ ಮಂದಿ ಗುಂಪು ಹುಡುಕು, ಕೋ-ಆಪ್ ಆಡು, ಎದುರಿಗೆ ಕಂಪ್ಯೂಟರ್ ಇರ್ತದ, ಜೋಡಿಗೆ ನಿನ್ನ ಮಂದಿ ಇರ್ತಾರ. ನಮ್ಮ ಗುಂಪಿನ್ಯಾಗ ಇಬ್ರು ಹೆಣ್ಮಕ್ಕಳು ಅದಾರ, ಅದರಾಗ ಒಬ್ರು ಸ್ಕ್ವಾಡ್ ಲೀಡರ್, ಅವ್ರು ಸುಮ್ಮನಿರ್ರಿ ಅಂದ್ರ ಉಳದ ಎಂಟೂ ಮಂದಿ ಸುಮ್ಮನಿರ್ತೇವಿ. ಇದನ್ನ ಓದೂ ಹುಡುಗೂರಿಗೆ ಹೇಳ್ತೇನಿ, ನಿಮ್ಮ ಸ್ಕ್ವಾಡ್‌ನ್ಯಾಗ ಯಾವನರೆ ಹಿಂಗ ಮಾತಾಡಿದ್ರ ಅವನ್ನ ಕಿತ್ತ ಒಗೀರಿ, ಅವ ಎಷ್ಟ ಚಲೋ ಆಡಾವ ಇದ್ರೂ.

ನೀ ಆರಿಸಿಕೊಂಡ ಆಟ ಭಾಳ ಚಲೋದು, 2018ರಾಗ ಬಂದದ್ದು. ಅದರಾಗ ಎಷ್ಟ ಗುಂಡ ಉಳದಾವು ಅಂತ ಅಂಕಿ ತೋರ್ಸೂದಿಲ್ಲ, ತಲ್ಯಾಗ ಎಣಸಬೇಕು. ಗಡಿಬಿಡಿಲೆ ರಿಲೋಡ್ ಗುಂಡಿ ಎರಡ ಸಲ ಒತ್ತಿದ್ರ ಮ್ಯಾಗಝೀನ್ ನೆಲಕ್ಕ ಬೀಳ್ತದ, ಅದರಾಗ ಉಳದ ಗುಂಡೂ ಹೋದ್ವು. ಒಮ್ಮೆ ಒತ್ತಿದ್ರ ಅದನ್ನ ಚೀಲದಾಗ ಇಡ್ತದ, ಹೊತ್ತು ಸ್ವಲ್ಪ ಹೆಚ್ಚ ಹಿಡಿತದ, ಉಳದ ಗುಂಡು ಉಳಿತಾವು.

ಮಗಗ 16 ವರ್ಷ. ಊಟಕ್ಕ ಕರದ್ರ "ಈಗ ಆಗೂದಿಲ್ಲ, ಮಂದಿ ಅದಾರ" ಅಂತಾನ. ಬಂದೂಕಿನ ಆಟ ನೋಡಿ ನಂಗ ಅಂಜಿಕಿ. ಬಂದ್ ಮಾಡಸ್ಲೇನು?
– ರಾಣೇಬೆನ್ನೂರಿನ ಒಬ್ರು ತಾಯಿ

ಅಕ್ಕಾರ, "ಮಂದಿ ಅದಾರ" ಅನ್ನೂದು ನೆವ ಅಲ್ಲ. ಸ್ಕ್ವಾಡ್‌ನ ಒಂದ ಮ್ಯಾಚ್ ಒಂದ ತಾಸಿನ ಸುತ್ತ ಮುತ್ತ ನಡೀತದ, ನಡಬರಕ ಎದ್ದ ಬಂದ್ರ ಎಂಟ ಮಂದಿಗೆ ಕೈ ಕೊಟ್ಟಂಗ. ಆದ್ರ ಅಡಗಿ ಮಾಡಿ ಕಾಯೂ ನೀವೂ ಅವನ ಮಂದಿನ. ಅದಕ್ಕ ಚಾಲೂ ಮಾಡೂ ಮುಂಚೆ ಒಪ್ಪಂದ ಆಗಲಿ, ಎಂಟೂವರಿಗೆ ಊಟ ಅಂದ್ರ ಏಳೂವರಿ ಮ್ಯಾಲ ಹೊಸಾ ಮ್ಯಾಚ್ ಇಲ್ಲ. ನಮ್ಮ ಮನ್ಯಾಗೂ ಹಂಗ ನಡೀತದ. ಇನ್ನ ಯಾವ ಆಟ ಅಂತ ಕೇಳ್ರಿ. ರೆಡಿ ಆರ್ ನಾಟ್ ಅಂತ ಪೊಲೀಸ್ ಆಟ ಒಂದೈತಿ, ಆಡಾಕ ಭಾಳ ಚಲೋ, ಶರಣಾದಾವನ ಮ್ಯಾಲ ಗುಂಡ ಹೊಡದ್ರ ಮಾರ್ಕ್ಸ್ ಕಡಿತದ, ಮೊದಲ ಕೂಗಿ ಹೇಳ್ಬೇಕು, ಆಮ್ಯಾಲ ಬಂದೂಕು. ಆದ್ರ ಅದರಾಗ ತೋರ್ಸೂ ಅಪರಾಧ ದೊಡ್ಡವ್ರಿಗೂ ನಿದ್ದಿ ಕೆಡಸ್ತಾವು, 18 ಆಗೂ ತನಕ ಬ್ಯಾಡ. ನಿದ್ದಿ, ಸಾಲಿ, ಗೆಳ್ಯಾರು ಎಲ್ಲಾ ಬಿಟ್ಟು ತಿಂಗಳಾನುಗಟ್ಟಲೆ ಅದರಾಗ ಮುಳಗಿದ್ರ ಡಾಕ್ಟರ್ ಹತ್ರ ಹೋಗ್ರಿ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೊಳಗ 2022ರಿಂದ ಅದಕ್ಕ ಹೆಸರೈತಿ. ಬರೇ ಊಟಕ್ಕ ಹತ್ತ ನಿಮಿಷ ತಡ ಆದ್ರ ಅದು ರೋಗ ಅಲ್ಲ.

ನಮ್ಮ ಕಾಕಾ ವಾಟ್ಸಾಪ್‌ನ್ಯಾಗ ಯುದ್ಧದ ವಿಡಿಯೊ ಕಳಸ್ತಾರ. ಇದು ಆರ್ಮಾ ಅಂದ್ರ ನಂಬೂದಿಲ್ಲ.
– ಮುಳಗುಂದ ನಾಕಾ, ಗದಗ

ತೋರ್ಸಿ ಹೇಳ್ರಿ. 2022ರ ನವೆಂಬರ್‌ನ್ಯಾಗ ಆಟ ಮಾಡಿದ ಕಂಪನಿನ ಹೇಳಿಕಿ ಕೊಟ್ಟು, ನಮ್ಮ ಆಟದ ವಿಡಿಯೊ ಯುಕ್ರೇನ್ ಯುದ್ಧ ಅಂತ ಓಡ್ಯಾಡ್ತಾವು, ಹಿಂಗ ಗುರ್ತು ಹಿಡೀರಿ ಅಂತ ಹೇಳಿತ್ತು. 2025ರ ಮೇ ತಿಂಗಳಾಗ ನಮ್ಮ ಫೋನಿಗೂ ಅಂಥಾವು ಬಂದ್ವಲ್ಲ. ವಿಡಿಯೊ ಬೇಕಂತ ಮಸಕ ಮಾಡಿರ್ತಾರ, ರಾತ್ರಿದ ಇರ್ತದ, ಯಾರೋ ಪರದೆ ಮುಂದ ಫೋನ್ ಹಿಡದಂಗ ಕ್ಯಾಮರಾ ಅಳ್ಳಾಡ್ತದ, ಸಪ್ಪಳ ಇರೂದಿಲ್ಲ, ನಡದಾಡೂ ಮನುಷ್ಯಾರು ಕಾಣೂದಿಲ್ಲ, ಯಾಕಂದ್ರ ಆಟದಾಗ ವಿಮಾನ ಖರೇ ಅನ್ನಿಸಿದಂಗ ಮನುಷ್ಯನ ನಡಿಗಿ ಅನ್ನಸೂದಿಲ್ಲ. ಹೊಗಿ ನೋಡ್ರಿ, ಆಟದ ಹೊಗಿ ಹತ್ತಿ ಉಂಡಿಯಂಗ ಬ್ಯಾರೆ ಬ್ಯಾರೆ ತುಣಕಾಗಿ ಬರ್ತದ. ಕಾಕಾನ್ನ ಕಂಪ್ಯೂಟರ್ ಮುಂದ ಕುಂದ್ರಿಸಿ ಅದ ವಿಮಾನ ಅವ್ರ ಕೈಲೇ ಹಾರ್ಸಿ ತೋರ್ಸ್ರಿ, ಸಾವಿರ ಮಾತಾಡೂದ ಬ್ಯಾಡ.

ಸರ್ವರ್ ಯಾವ್ದ ಆರಸ್ಲಿ? ಪಿಂಗ್ ಭಾಳ ಬರ್ತದ.
– ಹಾವೇರಿ

ಸಿಂಗಾಪುರ. ಪಿಂಗ್ ಅಂದ್ರ ನಿಮ್ಮ ಸುದ್ದಿ ಸರ್ವರ್‌ಗೆ ಹೋಗಿ ಬರಾಕ ಹಿಡಿಯೂ ಹೊತ್ತು. ಫೈಬರ್‌ನ್ಯಾಗ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಹೋಗ್ತದ, ನಮ್ಮ ಕಡಿಂದ ಜರ್ಮನಿ 7,000 ಕಿಲೋಮೀಟರ್ ಹತ್ರ, ಸೀದಾ ಗೆರಿ ಎಳದ್ರೂ ಹೋಗಿ ಬರಾಕ 70 ಮಿಲಿಸೆಕೆಂಡ್ ಬೇಕ ಬೇಕು, ಕೇಬಲ್ ಸುತ್ತ ಹಾಕ್ಕೊಂಡ ಹೋಗೂದ್ರಿಂದ ಇನ್ನೂ ಹೆಚ್ಚು. ಸಿಂಗಾಪುರ ಅದರ ಅರ್ಧ ದೂರ. ಮತ್ತ ಇವು ನಿಧಾನದ ಆಟ, ಪಿಂಗ್ ಸ್ವಲ್ಪ ಹೆಚ್ಚಾದ್ರೂ ನಡೀತದ.

ನಂಗ 38. ಸಿಡಿ ಕಾಲದಾಗ ಐಜಿಐ ಮುಗಿಸಿದಾವ, ನಡಬರಕ ಸೇವ್ ಇಲ್ದ. ಆಮ್ಯಾಲ ನೌಕರಿ, ಮದುವಿ, ಆಟ ಬಿಟ್ಟೆ. ಈಗ ಎಲ್ಲಿಂದ ಚಾಲೂ ಮಾಡ್ಲಿ? ಹುಡುಗೂರ ನಡುವ ನಾ ಹೊಂದತೇನಾ?
– ಗೋಕುಲ ರಸ್ತೆ, ಹುಬ್ಬಳ್ಳಿ

ನಿಮ್ಮ ಪತ್ರ ಓದಿ ಭಾಳ ಖುಷಿ ಆತು. 2000ದಾಗ ನಾರ್ವೆಯಿಂದ ಬಂದ ಆ ಆಟದಾಗ ತಂತಿ ಬೇಲಿ ಹೊರಗ ಬೋರಲ ಮಲಗಿ, ದುರ್ಬೀನಿನ್ಯಾಗ ಕಾವಲುಗಾರ ಎಷ್ಟ ಮಂದಿ, ಯಾವ ಕಡಿ ತಿರಗತಾರ ಅಂತ ಎಣಿಸಿ, ಆಮ್ಯಾಲ ಎದ್ದಾವ್ರು ನೀವು. ಇವತ್ತಿನ ಹುಡುಗೂರಿಗೆ ನಾ ಎರಡ ತಿಂಗಳ ಕೂಗಿ ಕಲಸೂದು ನಿಮಗ ಆಗ್ಲೇ ಬರ್ತದ. ಈ ಆಟದಾಗ ಕೈ ಚುರುಕಿಗಿಂತ ತಾಳ್ಮಿಗೆ ಬೆಲಿ, ಮೂವತ್ತೈದ ದಾಟಿದಾವ್ರು ಭಾಳ ಮಂದಿ ಆಡ್ತಾರ, ನನ್ನ ಕಣ್ಣಾಗ ಚಲೋ ಸ್ಕ್ವಾಡ್ ಲೀಡರ್ ಆದಾವ್ರು ಹೆಚ್ಚಾಗಿ ಅವ್ರ.

ಮೊದ್ಲ ಆರ್ಮಾ 3 ಸೇಲ್‌ನ್ಯಾಗ ತಗೊಳ್ರಿ, ಒಬ್ರ ಆಡೂ ಕಥಿ ಐತಿ, ಎಲ್ಲಿ ಬೇಕಾದ್ರ ನಿಲ್ಲಸ್ರಿ, ಕರೆಂಟ್ ಹೋದ್ರೂ ಯಾರಿಗೂ ಕೈ ಕೊಟ್ಟಂಗ ಆಗೂದಿಲ್ಲ. ಕೀಬೋರ್ಡಿನ ಗುಂಡಿ ಭಾಳ ಅದಾವು, ಎಲ್ಲಾ ಒಮ್ಮೆಲೆ ಕಲಿಯಾಕ ಹೋಗಬ್ಯಾಡ್ರಿ, ನಿಂದ್ರೂದು, ಕುಂದ್ರೂದು, ಮಲಗೂದು, ನಕಾಶಿ, ಇಷ್ಟ ಕಲೀರಿ. ತಿಂಗಳ ಆದ ಮ್ಯಾಲ ಸ್ಕ್ವಾಡ್‌ಗೆ ಬರ್ರಿ, ಮೊದಲ ಹತ್ತ ಮ್ಯಾಚ್ ಮೆಡಿಕ್ ತಗೊಳ್ರಿ. ಬಿದ್ದಾವ್ರನ್ನ ಎಬ್ಬಸೂದ್ರಾಗ ಗುಂಡ ಹೊಡಿಯೂ ಚಿಂತಿ ಇರೂದಿಲ್ಲ, ಮಂದಿ ಎಲ್ಲಿ ಬೀಳ್ತಾರ, ಯಾಕ ಬೀಳ್ತಾರ ಅಂತ ತಾನ ಗೊತ್ತಾಗ್ತದ. ಒಬ್ಬನ್ನ ಹೊಗಿ ಬಾಂಬ್ ಒಗದು ಆ ಹೊಗ್ಯಾಗ ತೆವಳಕೊಂತ ಹೋಗಿ ಎಬ್ಬಿಸಿ, ಅವ ಕನ್ನಡದಾಗ "ಉಳಿಸಿದ್ರಿ ಅಣ್ಣಾರ" ಅಂದ ದಿವ್ಸ ಒಂದ ಪತ್ರ ಬರೀರಿ ನಂಗ.